ಟ್ರ್ಯಾಕಿಗೆ ಹೋಗದ ಟ್ರ್ಯಾಕ್ ಕಾರು

ನನ್ನ ತಮ್ಮನ ಹತ್ತಿರ ಒಂದು ಹಳೇ ಆಕ್ಟೇವಿಯಾ ಇದೆ. ಮೊದಲ ತಲೆಮಾರಿನದು, 1.8 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್ನಿನದು. ಅದನ್ನು ಜೋಡಿಸಿದ್ದು ನಾನಿರುವ ಊರಲ್ಲೇ, ಛತ್ರಪತಿ ಸಂಭಾಜಿನಗರದ ಹೊರಗಿನ ಶೇಂದ್ರಾ ಕೈಗಾರಿಕಾ ಪ್ರದೇಶದಲ್ಲಿ. 2001ರಲ್ಲಿ ಸ್ಕೋಡಾ ಅಲ್ಲಿ ಕೆಲಸ ಶುರುಮಾಡಿದಾಗ ಊರಿಗೆ ಔರಂಗಾಬಾದ್ ಎಂಬ ಹೆಸರಿತ್ತು. ತಮ್ಮ ಕೆಲಸಕ್ಕಿರುವುದು ನಾಸಿಕ್‌ನಲ್ಲಿ, ಕಾರೂ ಅಲ್ಲೇ.

ಹೋದ ಡಿಸೆಂಬರಿನಲ್ಲಿ ಧುಳೆಯಲ್ಲೊಂದು ಮದುವೆಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅವ್ವ. ದಾರಿಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕು ಊರೊಂದು ಸಿಗುತ್ತದೆ (ನಿಜವಾಗಿಯೂ ಅದರ ಹೆಸರು ಅದೇ, ಬಸ್ಸಿನ ಹಣೆಯ ಮೇಲೆ ದೇವನಾಗರಿಯಲ್ಲಿ ಅದನ್ನು ಓದಿದಾಗಲೆಲ್ಲ ಬೀದರ್ ಕಡೆಯ ನಮ್ಮವ್ವನಿಗೆ ಏನೋ ಖುಷಿ). ಊರು ದಾಟಿದರೆ ಔಟ್ರಮ್ ಘಾಟು, ಇಳಿದರೆ ಚಾಳೀಸಗಾಂವ್. ಎರಡನೇ ಗೇರಿನಲ್ಲಿ ಇಂಜಿನ್ ಕೂಗಿಸುತ್ತ ಇಳಿಯುತ್ತಿದ್ದ ತಮ್ಮ ಒಂದು ತಿರುವಿನಲ್ಲಿ ಸ್ಟೇರಿಂಗನ್ನು ಹೆಚ್ಚುಕಡಿಮೆ ಪೂರ್ತಿ ತಿರುಗಿಸಿದ. ಬಾನೆಟ್ಟಿನ ಕೆಳಗೆ ‘ಪಟ್’ ಎಂದಿತು. ಬಿಳಿ ಹೊಗೆ ಎದ್ದಿತು. ಸ್ಟೇರಿಂಗು ಕಲ್ಲಾಯಿತು. ಎದುರಿನಿಂದ ಲಾರಿ ಹತ್ತಿ ಬರುತ್ತಿತ್ತು. ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ಹೇಗೋ ಎಡಕ್ಕೆಳೆದು ಗೋಡೆಯ ಪಕ್ಕ ನಿಲ್ಲಿಸಿದ. ಅವ್ವ ಕೆಳಗಿಳಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತು ನೀರು ಕೇಳಿದಳು. ತುಂಬ ಹೊತ್ತು ಯಾರೂ ಮಾತಾಡಲಿಲ್ಲ.

ಎರಡು ತಿಂಗಳ ಹಿಂದಷ್ಟೇ ನಾಸಿಕ್‌ನ ಒಂದು ಗ್ಯಾರೇಜು ಆ ಕಾರಿಗೆ ಆಯಿಲ್ ಕೂಲರನ್ನೂ ಪವರ್ ಸ್ಟೇರಿಂಗಿಗೆ ಇನ್ನೊಂದು ಕೂಲರನ್ನೂ ಹಾಕಿಕೊಟ್ಟಿತ್ತು. ಫೋನು ಮಾಡಿ ಕೇಳಿದರೆ ಬಂದ ಉತ್ತರ: ‘ಮೇಡಂ, ಇದು ಟ್ರ್ಯಾಕ್ ಬಿಲ್ಡ್. ಇಷ್ಟೆಲ್ಲ ಆಗುತ್ತೆ.’

ಅವತ್ತಿನಿಂದ ನನ್ನ ಜಗಳ ಶುರುವಾಯಿತು, ಮೊದಲು ಆ ಪದದ ಜೊತೆ. ಯಾವ ಟ್ರ್ಯಾಕು? ನಾಸಿಕ್‌ನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಅಲ್ಲಿರುವುದು 3.7 ಕಿಲೋಮೀಟರಿನ ಟ್ರ್ಯಾಕು. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇನ್ನೂ ಚಿಕ್ಕದು, ದೂರ ಮಾತ್ರ ಅಷ್ಟೇ. ಗ್ರೇಟರ್ ನೊಯಿಡಾದ ಬುದ್ಧ ಸರ್ಕ್ಯೂಟೂ ಅಷ್ಟೇ ದೂರ. ನಾಸಿಕ್‌ಗೆ ಮೋಟಾರ್ ಸ್ಪೋರ್ಟ್ಸ್ ಹೊಸದೇನಲ್ಲ. ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತಾಗಿ ‘ರ್‍ಯಾಲಿ ಆಫ್ ಮಹಾರಾಷ್ಟ್ರ’ ಅಲ್ಲಿನ ಮಣ್ಣುದಾರಿಗಳಲ್ಲಿ ನಡೆದಿದೆ, ಅದನ್ನು ಓಡಿಸಿದವರೂ ಕಾರು ಕಟ್ಟಿದವರೂ ಊರಲ್ಲಿದ್ದಾರೆ. ಆದರೆ ತಮ್ಮನ ಕಾರು ಒಮ್ಮೆಯೂ ಟ್ರ್ಯಾಕಿನ ಗೇಟು ನೋಡಿಲ್ಲ. ಅದರ ಟ್ರ್ಯಾಕು ಸಮೃದ್ಧಿ ಮಹಾಮಾರ್ಗ. ಮುಂಬಯಿ–ನಾಗಪುರ ನಡುವಿನ 701 ಕಿಲೋಮೀಟರಿನ ಆ ರಸ್ತೆ 2022ರ ಡಿಸೆಂಬರಿನಲ್ಲಿ ಶಿರಡಿಯವರೆಗೆ ತೆರೆದಾಗಿನಿಂದ, 2025ರಲ್ಲಿ ಪೂರ್ತಿಯಾದಾಗಿನಿಂದ, ಈ ಭಾಗದ ಹುಡುಗರಿಗೆ ಬೆಳಗಿನ ಐದು ಗಂಟೆಯ ರೇಸಿಂಗ್ ಲೈನು ಅದೇ. ಮಿತಿ 120 ಎಂದು ಫಲಕ ಹೇಳುತ್ತದೆ. ಫಲಕ ಓದುವವರು ಬೇರೆ.

ಟ್ರ್ಯಾಕಿಗಾಗಿ ಕಟ್ಟಿದ ಕಾರು ಟ್ರ್ಯಾಕಿನಲ್ಲಿ ಕೆಟ್ಟರೆ ಅಲ್ಲಿ ಮಾರ್ಷಲ್ ಇರುತ್ತಾನೆ, ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರುತ್ತದೆ, ಸುತ್ತ ಮಣ್ಣಿನ ಹರವು ಇರುತ್ತದೆ, ಎದುರಿನಿಂದ ಲಾರಿ ಬರುವುದಿಲ್ಲ. ಓಡಿಸುವವನು ಹೆಲ್ಮೆಟ್ ಹಾಕಿ, ಸಹಿ ಮಾಡಿ ಒಳಗೆ ಹೋಗಿರುತ್ತಾನೆ. ನಮ್ಮವ್ವ ಯಾವುದಕ್ಕೂ ಸಹಿ ಮಾಡಿರಲಿಲ್ಲ. ‘ಟ್ರ್ಯಾಕ್ ಬಿಲ್ಡ್’ ಎಂಬ ಎರಡು ಪದ ಈಗ ಗ್ಯಾರಂಟಿಯಿಂದ ನುಣುಚಿಕೊಳ್ಳುವ ಸಾಧನವಾಗಿದೆ. ಕೆಲಸ ಅರ್ಧಂಬರ್ಧವಾದರೆ ಟ್ರ್ಯಾಕ್ ಬಿಲ್ಡ್, ಪೈಪು ಸೋರಿದರೆ ಟ್ರ್ಯಾಕ್ ಬಿಲ್ಡ್. ಭಾಷಾವಿಜ್ಞಾನದ ತರಗತಿಯಲ್ಲಿ ಅರ್ಥ ಸವೆದುಹೋದ ಪದಗಳ ಬಗ್ಗೆ ಓದಿದ್ದೆ. ಸವೆದ ಪದದಿಂದ ಕಾರಿನ ಸ್ಟೇರಿಂಗು ಬಿಗಿಯಾಗುತ್ತದೆ ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ, ಅನುವಾದಕಿ. ಹತ್ತು ವರ್ಷದಿಂದ ವಾಹನಗಳ, ಪಂಪುಗಳ, ಟ್ರ್ಯಾಕ್ಟರುಗಳ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತ ಹೊಟ್ಟೆ ಹೊರೆದಿದ್ದೇನೆ. ಓದದೆ ಅನುವಾದ ಮಾಡಲು ಬರುವುದಿಲ್ಲವಾದ್ದರಿಂದ ಒಂದಷ್ಟು ತಿಳಿದುಕೊಂಡಿದ್ದೇನೆ. ಇಷ್ಟು ಹೇಳಿದ್ದಕ್ಕೆ ತಮ್ಮ, ‘ಅಕ್ಕಾ, ನಿನಗ ತಿಳ್ಯಾಂಗಿಲ್ಲ ಬಿಡು’ ಎಂದ. ಘಾಟಿನ ನಂತರ ಆ ಮಾತು ನಿಂತಿದೆ.

ಮೊದಲು ಇಂಜಿನ್ ಆಯಿಲ್ಲು. ಗ್ಯಾರೇಜಿನ ಹುಡುಗ ಕೂಲರ್ ಹಾಕುವಾಗ ಹೇಳಿದ್ದು ಒಂದೇ ಮಾತು: ‘ಇಂಜಿನ್ ಥಂಡಾ ರಹೇಗಾ.’ ನಮ್ಮ ದೇಶದಲ್ಲಿ ಈ ಮಾತಿಗೆ ಯಾರೂ ಎದುರಾಡುವುದಿಲ್ಲ. ಮೇ ತಿಂಗಳ ಮರಾಠವಾಡದಲ್ಲಿ 42 ಡಿಗ್ರಿಯಲ್ಲಿ ಬೇಯುವವರಿಗೆ ಥಂಡಾ ಎಂದರೆ ಪುಣ್ಯದ ಹಾಗೆ, ಎಷ್ಟಿದ್ದರೂ ಬೇಕು. ಮನೆಯ ಕೂಲರಿಗೆ ಇದು ಸರಿ. ಇಂಜಿನ್ ಆಯಿಲ್ಲಿಗೆ ಸರಿಯಲ್ಲ. ಆಯಿಲ್ಲಿಗೆ ತಾನು ಕೆಲಸ ಮಾಡುವ ಒಂದು ಬಿಸಿ ಇದೆ, ಹೆಚ್ಚುಕಡಿಮೆ 90ರಿಂದ 110 ಡಿಗ್ರಿ. ಡಬ್ಬಿಯ ಮೇಲೆ 5ಡಬ್ಲ್ಯು-40 ಎಂದು ಬರೆದಿರುತ್ತದಲ್ಲ, ಅದರಲ್ಲಿನ 40 ಎಂಬ ಅಂಕಿ ಹೇಳುವುದೇ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದವಾಗಿರಬೇಕು ಎಂಬುದನ್ನು. ಅದೇ ಆಯಿಲ್ 40 ಡಿಗ್ರಿಯಲ್ಲಿ ಸುಮಾರು ಆರು ಪಟ್ಟು ಮಂದ. 130ಕ್ಕೆ ಹೋದರೆ 100ರಲ್ಲಿದ್ದುದರ ಅರ್ಧದಷ್ಟಕ್ಕಿಳಿದು ಬೇರಿಂಗುಗಳ ನಡುವಿನ ಪದರ ತೆಳುವಾಗುತ್ತದೆ. ಬಿಸಿ ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು.

ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ತಮ್ಮನ ಕಾರೇ ತೋರಿಸಿತು. ಘಾಟಿನ ಘಟನೆಯ ನಂತರ ಆಯಿಲ್ ತುಂಬಿಸುವ ಮುಚ್ಚಳ ತೆಗೆದು ನೋಡಿದರೆ ಒಳಗೆ ಬೆಣ್ಣೆಯಂಥ ಕೆನೆಬಣ್ಣದ ಲೇಪ. ಇಂಜಿನ್ ಉರಿಯುವಾಗ ಪಿಸ್ಟನ್ ಪಕ್ಕದಿಂದ ನುಸುಳುವ ನೀರಿನ ಆವಿ, ಸ್ವಲ್ಪ ಪೆಟ್ರೋಲು, ಎಲ್ಲ ಆಯಿಲ್ಲಿಗೆ ಸೇರುತ್ತವೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ಅವು ಆವಿಯಾಗಿ ಹೋಗುತ್ತವೆ, ಇಲ್ಲವಾದರೆ ಅಲ್ಲೇ ಕೂತು ಕೆಸರಾಗುತ್ತವೆ. ನಾಸಿಕ್ ಜಿಲ್ಲೆಯ ನಿಫಾಡಿನಲ್ಲಿ ಚಳಿಗಾಲದ ಬೆಳಗ್ಗೆ ದ್ರಾಕ್ಷಿ ಉಳಿಸಿಕೊಳ್ಳಲು ರೈತರು ತೋಟದಲ್ಲಿ ಬೆಂಕಿ ಹಾಕುವಷ್ಟು ಚಳಿ. ಆ ಚಳಿಯಲ್ಲಿ, ರೇಡಿಯೇಟರಿನ ಮುಂದೆ, 25 ಸಾಲಿನ ಕೂಲರ್ ಹೊತ್ತು ಹೈವೇಯಲ್ಲಿ ಹೋಗುವ ಕಾರಿನ ಆಯಿಲ್ 70 ಡಿಗ್ರಿ ಮುಟ್ಟುವುದೂ ಕಷ್ಟ. ಇದಕ್ಕೆ ಮದ್ದು ಹೊಸದೇನಲ್ಲ. ಫಿಲ್ಟರಿನ ಬುಡದಲ್ಲಿ ಕೂರಿಸುವ ಪ್ಲೇಟಿನಲ್ಲೇ ಥರ್ಮೋಸ್ಟಾಟ್ ಬರುತ್ತದೆ. ಆಯಿಲ್ ಸುಮಾರು 80 ಡಿಗ್ರಿ ದಾಟುವವರೆಗೆ ಅದು ಕೂಲರಿನ ಕಡೆಗೆ ದಾರಿಯನ್ನು ಹೆಚ್ಚೇನೂ ಬಿಡುವುದಿಲ್ಲ. ತಮ್ಮನ ಕಾರಿಗೆ ಹಾಕಿದ ಪ್ಲೇಟಿನಲ್ಲಿ ಅದಿರಲಿಲ್ಲ. ಒಂದೆರಡು ಸಾವಿರ ಉಳಿಯಿತಂತೆ.

ಇನ್ನೊಂದು ಕೆಲಸ ಮಾಡಿದ್ದರು. ಆ ಇಂಜಿನ್ನಿಗೆ ಕಂಪನಿಯೇ ಕೊಟ್ಟ ಒಂದು ಆಯಿಲ್ ಕೂಲರ್ ಇದೆ: ಫಿಲ್ಟರಿನ ಮೇಲೆ ಡಬ್ಬಿಯಂತೆ ಕೂತು, ರೇಡಿಯೇಟರಿನ ನೀರಿನಿಂದ ಆಯಿಲ್ಲನ್ನು ತಣಿಸುವಂಥದ್ದು. ತಣಿಸುತ್ತದೆ ಎಂದು ಮಾತ್ರ ಹೇಳಿದರೆ ತಪ್ಪಾಗುತ್ತದೆ. ಬೆಳಗ್ಗೆ ನೀರು ಆಯಿಲ್ಲಿಗಿಂತ ಬೇಗ ಬಿಸಿಯಾಗುವುದರಿಂದ ಅದೇ ಡಬ್ಬಿ ಆಯಿಲ್ಲನ್ನು ಕಾಯಿಸುತ್ತದೆ ಕೂಡ. ಹೆಸರು ಕೂಲರ್, ಅರ್ಧ ಕೆಲಸ ಹೀಟರಿನದು. ಹೆಸರನ್ನಷ್ಟೇ ಓದಿದ ಗ್ಯಾರೇಜಿನವರು ‘ಹೊಸದು ಬಂತಲ್ಲ, ಹಳೇದು ಯಾಕೆ’ ಎಂದು ಅದನ್ನು ಕಿತ್ತು ಹಾಕಿದ್ದರು.

ಈ ಕಡೆಯ ವಾದವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಚೆನ್ನೈನ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸದೆ ಕಾಲೊತ್ತಿ ಓಡಿಸಿದರೆ ಟರ್ಬೊ ಇಂಜಿನ್ನಿನ ಆಯಿಲ್ 130 ದಾಟುವುದು ನಿಜ, ಆ ಚಿಕ್ಕ ಡಬ್ಬಿ ಸಾಲದು ಎಂಬುದೂ ನಿಜ. ಅಂಥ ಕಾರಿಗೆ ದೊಡ್ಡ ಕೂಲರ್ ಬೇಕೇ ಬೇಕು. ಹಾಗಾದರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ತಿಳಿಯುವುದು ಹೇಗೆ? ಗೇಜು ಹಾಕಿ ನೋಡಿ. ಇಡೀ ಲೇಖನದಲ್ಲಿ ನಾನು ಹಟ ಹಿಡಿಯುವುದು ಇದೊಂದಕ್ಕೇ. ಕೂಲರಿಗೆ, ಪೈಪಿಗೆ, ಅದು ಕಾಣಲೆಂದು ಬಂಪರಿನಲ್ಲಿ ಕತ್ತರಿಸಿದ ಜಾಲರಿಗೆ ದುಡ್ಡು ಕೊಟ್ಟ ತಮ್ಮ ಆಯಿಲ್ಲಿನ ಬಿಸಿ ತೋರಿಸುವ ಮೀಟರಿಗೆ ಕೊಟ್ಟಿರಲಿಲ್ಲ. ಜ್ವರ ಇದೆಯೋ ಇಲ್ಲವೋ ನೋಡದೆ ಔಷಧಿ ಕೊಟ್ಟ ಡಾಕ್ಟರನ್ನು ನಾವು ಬೈಯುತ್ತೇವೆ. ಬಂಪರು ಬಿಚ್ಚಿ ಅದೇ ಕೆಲಸ ಮಾಡಿದವನಿಗೆ ಟ್ಯೂನರ್ ಎಂದು ಹೆಸರು. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಇದೆಯಲ್ಲ ಎನ್ನುವವರಿಗೆ: ಅದು ನೀರಿನದು. ನೀರು 90ರಲ್ಲಿ ಸುಖವಾಗಿ ನಿಂತಿರುವಾಗ ಆಯಿಲ್ 65ರಲ್ಲಿ ಇರಬಹುದು, 135ರಲ್ಲೂ ಇರಬಹುದು. ಮುಳ್ಳು ಏನೂ ಹೇಳುವುದಿಲ್ಲ.

ಪೈಪಿನ ಕಥೆ ನಾಸಿಕ್‌ನದೇ ವಿಶೇಷ. ಅಲ್ಲಿ ಜೆಸಿಬಿಗೆ, ದ್ರಾಕ್ಷಿ ತೋಟದ ಟ್ರ್ಯಾಕ್ಟರುಗಳಿಗೆ ಹೈಡ್ರಾಲಿಕ್ ಪೈಪು ಒತ್ತಿಕೊಡುವ ಅಂಗಡಿಗಳಿವೆ. ಕೆಲಸದಲ್ಲಿ ನಿಷ್ಣಾತರು. ಹಳೇ ಪೈಪು ಕೊಟ್ಟರೆ ಹತ್ತು ನಿಮಿಷದಲ್ಲಿ ಅದೇ ಅಳತೆಯದು ಕೈಗೆ. ಒಳಗೆ ತಂತಿಯ ಎರಡು ಹೆಣಿಗೆ ಇರುವ ಆ ಅರ್ಧ ಇಂಚಿನ ರಬ್ಬರ್ ಪೈಪು 250 ಬಾರ್‌ಗಿಂತ ಹೆಚ್ಚಿನ ಒತ್ತಡಕ್ಕೂ ಜಗ್ಗುವುದಿಲ್ಲ. ಇಂಜಿನ್ ಆಯಿಲ್ಲಿನ ಒತ್ತಡ ಸಾಮಾನ್ಯವಾಗಿ ನಾಲ್ಕೈದು ಬಾರ್. ಮತ್ತೇನು ಬೇಕು? ಬೇಕಾದದ್ದು ಬೇರೆಯೇ. ಆ ಸಾಮಾನ್ಯ ದರ್ಜೆಯ ಪೈಪಿನ ರಬ್ಬರಿಗೆ ಬಿಸಿಯ ಮಿತಿ 100 ಡಿಗ್ರಿ. ಜೆಸಿಬಿಯ ಹೈಡ್ರಾಲಿಕ್ ಎಣ್ಣೆ ಅದಕ್ಕಿಂತ ಕೆಳಗೇ ಇರುವುದರಿಂದ ಅಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ. 120 ಡಿಗ್ರಿಯ ಇಂಜಿನ್ ಆಯಿಲ್ ಹರಿದರೆ ಒಳಗಿನ ಪದರ ಗಟ್ಟಿಯಾಗಿ, ಬಿರುಕು ಬಿಟ್ಟು, ಒತ್ತಿದ ಜಾಗದಲ್ಲಿ ಒಸರತೊಡಗುತ್ತದೆ. ಅಂಗಡಿಯವರು ಕೇಳಿದ್ದು ‘ಪ್ರೆಶರ್ ಎಷ್ಟು?’ ಎಂದು. ‘ಬಿಸಿ ಎಷ್ಟು?’ ಎಂದು ಕೇಳಲಿಲ್ಲ. ಅವರ ತಪ್ಪಲ್ಲ, ಅವರ ಗಿರಾಕಿಗಳಿಗೆ ಆ ಪ್ರಶ್ನೆ ಬೇಕಿಲ್ಲ. ಕೇಳಬೇಕಾದವನು ಪೈಪು ಒತ್ತಿಸಲು ಹೋದ ಗ್ಯಾರೇಜಿನವನು. ಇನ್ನು ಚೆಂದಕ್ಕೆಂದು ನೀಲಿ ಸಿಲಿಕಾನ್ ಪೈಪು ಹಾಕುವವರಿದ್ದಾರೆ. ಅದು ನೀರಿಗೆ, ಗಾಳಿಗೆ ಇರುವಂಥದ್ದು. ಆಯಿಲ್ ತಾಗಿದರೆ ಸಾದಾ ಸಿಲಿಕಾನ್ ಉಬ್ಬಿ ಒಸರುತ್ತದೆ. ಬಣ್ಣ ಮಾತ್ರ ಹಾಗೇ ಉಳಿಯುತ್ತದೆ.

ಘಾಟಿನಲ್ಲಿ ಒಡೆದದ್ದು ಇದ್ಯಾವುದೂ ಅಲ್ಲ, ಸ್ಟೇರಿಂಗಿನ ಪೈಪು. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಆ ಕಾಲದ ಆಕ್ಟೇವಿಯಾದಲ್ಲಿ ಪವರ್ ಸ್ಟೇರಿಂಗ್ ಎಂದರೆ ಬೆಲ್ಟಿನಿಂದ ತಿರುಗುವ ಒಂದು ಪಂಪು, ಚಕ್ರಗಳನ್ನು ತಳ್ಳುವ ರ್‍ಯಾಕು, ನಡುವೆ ಎರಡು ದಾರಿ. ಪಂಪಿನಿಂದ ರ್‍ಯಾಕಿಗೆ ಹೋಗುವ ಪ್ರೆಶರ್ ಪೈಪು. ರ್‍ಯಾಕಿನಿಂದ ಡಬ್ಬಿಗೆ ವಾಪಸ್ ಬರುವ ರಿಟರ್ನ್ ಪೈಪು. ನಿಂತ ಕಾರಿನ ಚಕ್ರ ತಿರುಗಿಸುವುದೇ ಎಲ್ಲಕ್ಕಿಂತ ಭಾರದ ಕೆಲಸವಾದ್ದರಿಂದ, ಇಂಜಿನ್ 800ರಲ್ಲಿ ಗುನುಗುತ್ತಿರುವಾಗಲೂ ಸಾಕಷ್ಟು ಹರಿವು ಬರುವಂತೆ ಪಂಪನ್ನು ಮಾಡಿರುತ್ತಾರೆ. 6,500ಕ್ಕೆ ಏರಿಸಿದರೆ ಅದೇ ಪಂಪು ಎಂಟು ಪಟ್ಟು ಜೋರಾಗಿ ತಿರುಗುತ್ತದೆ. ಆಗ ಅಷ್ಟು ಹರಿವಿಗೆ ಕೆಲಸವಿಲ್ಲ. ಪಂಪಿನೊಳಗಿನ ವಾಲ್ವಿನಲ್ಲಿ ಸುತ್ತಿ ಸುತ್ತಿ ಬರಿ ಬಿಸಿಯಾಗುತ್ತದೆ. ಎಣ್ಣೆ ಕುದಿದು, ನೊರೆಯೆದ್ದು, ಡಬ್ಬಿಯ ಮುಚ್ಚಳದಿಂದ ಉಕ್ಕುತ್ತದೆ. ನೊರೆಯನ್ನು ಒತ್ತಿದರೆ ಅದು ತಗ್ಗುತ್ತದೆಯೇ ಹೊರತು ರ್‍ಯಾಕನ್ನು ತಳ್ಳುವುದಿಲ್ಲ, ಆದ್ದರಿಂದ ಸ್ಟೇರಿಂಗು ಒಮ್ಮೆ ಹಗುರ, ಒಮ್ಮೆ ಭಾರ. ಟ್ರ್ಯಾಕಿನಲ್ಲಿ ಓಡಿಸುವವರಿಗೆ ಇದು ನಿಜವಾದ ಕಾಯಿಲೆ. ಅದಕ್ಕೆ ಕೂಲರ್ ಹಾಕುವುದೂ ಸರಿಯಾದ ಮದ್ದೇ, ರಿಟರ್ನ್ ಪೈಪಿನಲ್ಲಿ ಹಾಕಿದರೆ.

ರಿಟರ್ನ್ ಪೈಪಿನಲ್ಲಿ ಒತ್ತಡ ಹೆಸರಿಗಷ್ಟೇ. ಪ್ರೆಶರ್ ಪೈಪಿನಲ್ಲಿ, ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಹಿಡಿದಾಗ, 80–100 ಬಾರ್. ನಮ್ಮ ಗ್ಯಾರೇಜಿನವರು ಕತ್ತರಿಸಿದ್ದು ಪ್ರೆಶರ್ ಪೈಪನ್ನು. ಕೈಗೆ ಸುಲಭವಾಗಿ ಸಿಕ್ಕಿತಂತೆ. ಕಂಪನಿಯ ಉಕ್ಕಿನ ಪೈಪನ್ನು ರ್‍ಯಾಕಿನ ಹತ್ತಿರ ಕೊಯ್ದು, ಜಾಯಿಂಟು ಹಾಕಿ ಕೂಲರಿಗೆ ತಿರುಗಿಸಿದ್ದರು. ಎರಡು ತಿಂಗಳು ತಡೆದದ್ದೇ ಆ ಜಾಯಿಂಟಿನ ದೊಡ್ಡಸ್ತಿಕೆ. ಅದು ಕಳಚಿದ ಜಾಗದ ಪಕ್ಕದಲ್ಲೇ ಟರ್ಬೊದಿಂದ ಇಳಿಯುವ ಎಕ್ಸಾಸ್ಟ್ ಪೈಪು. ಅದರ ಮೇಲೆ ಚಿಮ್ಮಿದ ಎಣ್ಣೆಯದೇ ನಾವು ಕಂಡ ಬಿಳಿ ಹೊಗೆ. ಸ್ಟೇರಿಂಗಿನ ಎಣ್ಣೆ ಹೊತ್ತಿಕೊಳ್ಳುವಂಥದ್ದು. ಇಳಿಜಾರಿನಲ್ಲಿದ್ದ ಕಾರಿನ ಪೈಪು ಕೆಂಪಗೆ ಕಾದಿರಲಿಲ್ಲ. ಅದೇ ಸಮೃದ್ಧಿಯಲ್ಲಿ ಕಾಲೊತ್ತಿ ಓಡಿಸಿದ ಅರ್ಧ ಗಂಟೆಯ ಮೇಲೆ ಆಗಿದ್ದರೆ ಎಂದು ಯೋಚಿಸುವುದನ್ನು ನಾನು ಬಿಟ್ಟಿದ್ದೇನೆ.

ಇದಕ್ಕೆ ಕೆಲವರು ಹೇಳುವ ಇನ್ನೊಂದು ಪರಿಹಾರ ಇದೆ: ಪವರ್ ಸ್ಟೇರಿಂಗನ್ನೇ ಕಿತ್ತುಹಾಕಿ, ಬೆಲ್ಟು ತೆಗೆದುಬಿಡಿ, ಗಂಡಸಿನ ಹಾಗೆ ಓಡಿಸಿ. (ಈ ಕೊನೆಯ ಮಾತನ್ನು ನನ್ನ ಮುಂದೆಯೇ ಹೇಳಿದರು.) ‘ಜಿಪ್ಸಿಯಲ್ಲಿ ಪವರ್ ಸ್ಟೇರಿಂಗ್ ಎಲ್ಲಿತ್ತು? ಅದರಲ್ಲೇ ರ್‍ಯಾಲಿ ಗೆಲ್ಲಲಿಲ್ಲವೇ?’ ಗೆದ್ದರು, ಬಹಳ ಸಲ. ಆದರೆ ಪವರ್ ಇಲ್ಲದ ಸ್ಟೇರಿಂಗನ್ನು ಪವರ್ ಇಲ್ಲದೆಯೇ ಮಾಡಿರುತ್ತಾರೆ: ಚಕ್ರ ಅಷ್ಟೇ ತಿರುಗಲು ಕೈ ಹೆಚ್ಚು ಸುತ್ತಬೇಕು, ಅದಕ್ಕೇ ಹಗುರ. ಪವರ್ ರ್‍ಯಾಕಿನ ಲೆಕ್ಕ ಬೇರೆ. ಬೆಲ್ಟು ತೆಗೆದರೂ ಒಳಗಿನ ಪಿಸ್ಟನ್ನು, ಅದರ ಸೀಲು, ಎಣ್ಣೆ ಎಲ್ಲ ಅಲ್ಲೇ ಇರುತ್ತವೆ. ತಿರುಗಿಸಿದಷ್ಟೂ ನೀವು ಆ ಎಣ್ಣೆಯನ್ನು ಸಣ್ಣ ತೂತಿನಲ್ಲಿ ತಳ್ಳುತ್ತಿರುತ್ತೀರಿ. ಸರಿಯಾಗಿ ಮಾಡಬೇಕೆಂದರೆ ರ್‍ಯಾಕನ್ನು ಬಿಚ್ಚಿ ಪಿಸ್ಟನ್ನಿನ ಸೀಲು ತೆಗೆಯಬೇಕು, ಮೇಲಿನ ವಾಲ್ವಿನ ತಿರುಚುವ ಸರಳನ್ನು ಭದ್ರ ಮಾಡಬೇಕು. ಹಗುರವಾದ ಹಳೇ ಹ್ಯಾಚ್‌ಬ್ಯಾಕಿಗೆ ಯಾರಾದರೂ ಹಾಗೆ ಮಾಡಿದರೆ ನನ್ನ ತಕರಾರಿಲ್ಲ. ಇಂಜಿನ್ನಿನ ಭಾರವೆಲ್ಲ ಮುಂದಿನ ಚಕ್ರದ ಮೇಲಿರುವ ಆಕ್ಟೇವಿಯಾದಲ್ಲಿ ಅದು ಬೇಡ. ಬೆಲ್ಟಿನ ಪಂಪೇ ಬೇಡವಾದರೆ ವಿದ್ಯುತ್ ಮೋಟಾರಿನಿಂದ ತಿರುಗುವ ಪಂಪು ಇದೆ. ಶೇಂದ್ರಾದಲ್ಲೇ ಜೋಡಿಸಿದ ಫೇಬಿಯಾದಲ್ಲಿ ಅದೇ ಬಗೆಯದು ಇತ್ತು. ಅದು ಇಂಜಿನ್ನಿನ ವೇಗಕ್ಕೆ ಕಟ್ಟುಬಿದ್ದದ್ದಲ್ಲ.

ಕಾನೂನಿನ ಬಗ್ಗೆ ಎರಡು ಮಾತು ಸಾಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಪೊಲೀಸರ ಕೈಗೆ ಸಿಗುವುದು ಸದ್ದು ಮಾಡುವ ಸೈಲೆನ್ಸರು, ಕಪ್ಪು ಗಾಜು. ಕೊಯ್ದ ಪ್ರೆಶರ್ ಪೈಪು ಯಾವ ನಾಕಾಬಂದಿಯಲ್ಲೂ ಕಾಣುವುದಿಲ್ಲ.

ಗ್ಯಾರೇಜಿನ ಹುಡುಗನೊಬ್ಬನನ್ನೇ ಬೈದು ಮುಗಿಸಲು ನನಗೆ ಮನಸ್ಸಿಲ್ಲ. ಆ ಕೂಲರಿನ ಡಬ್ಬಿಯಲ್ಲಿ ಅವನಿಗೆ ಓದಲು ಬರುವ ಭಾಷೆಯ ಒಂದು ಸಾಲೂ ಇರಲಿಲ್ಲ. ಇದ್ದಿದ್ದರೂ ಏನಾಗುತ್ತಿತ್ತೋ, ಏಕೆಂದರೆ ಅಂಥ ಹಾಳೆಗಳನ್ನು ಬರೆಯುವವಳು ನಾನೇ. ಕೆಲವು ವರ್ಷದ ಹಿಂದೆ ಇಂಥದೇ ಒಂದು ಕಿಟ್ಟಿನ ಹಾಳೆ ಕನ್ನಡಕ್ಕೆ ಮಾಡಿದ್ದೆ. ಇಂಗ್ಲಿಷ್ ಪದ ಇರಕೂಡದು ಎಂದು ಏಜೆನ್ಸಿಯ ಷರತ್ತು. ರಿಟರ್ನ್ ಪೈಪಿಗೆ ‘ಮರಳು ಕೊಳವೆ’ ಎಂದು ಬರೆದೆ. ಮರಳಿ ಬರುವ ಕೊಳವೆ, ಸರಿಯಾಗೇ ಇದೆ ಎಂದುಕೊಂಡೆ. ಅಚ್ಚಗನ್ನಡ ಎಂದು ಒಳಗೊಳಗೇ ಬೀಗಿದ್ದೂ ಉಂಟು. ಒಂದು ದಿನ ಹುಬ್ಬಳ್ಳಿಯಿಂದ ಏಜೆನ್ಸಿಯ ಮೂಲಕ ಒಂದು ಫೋನು ಬಂತು. ‘ಅಕ್ಕಾರ, ಇದರಾಗ ಮರಳು ಕೊಳವಿ ಅಂತ ಬರದೀರಿ. ಸ್ಟೇರಿಂಗದಾಗ ಮರಳು ಯಾಕ ಹಾಕಬೇಕ್ರೀ?’ ಆತ ತಮಾಷೆ ಮಾಡುತ್ತಿರಲಿಲ್ಲ. ಎದುರಿಗೆ ಕಾರು ಬಿಚ್ಚಿಕೊಂಡು ಕೂತಿದ್ದ. ‘ರಿಟರ್ನ್ ಪೈಪು’ ಎಂದೆ. ‘ಹಾಂ, ರಿಟರ್ನ್! ಹಂಗ ಹೇಳ್ರಿ ಮತ್ತ’ ಎಂದು ಫೋನಿಟ್ಟ. ಎಮ್.ಎ. ಓದಿದ ನನಗಿಂತ ಆತನಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಎರಡು ಪೈಪುಗಳಲ್ಲಿ ಯಾವುದಕ್ಕೆ ಕೈ ಹಾಕಬೇಕು ಎಂಬುದು ನಿರ್ಧಾರವಾಗುವ ಜಾಗದಲ್ಲಿ ನಾನು ಪದದ ಮೋಜು ಮಾಡಿದ್ದೆ. ಆತ ಫೋನು ಮಾಡಿದ. ಮಾಡದವರು ಎಷ್ಟು ಜನವೋ.

ತಮ್ಮನ ಕಾರನ್ನು ಮತ್ತೆ ಕಟ್ಟಿದ್ದು ಇಲ್ಲಿ, ವಾಳೂಜ್ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿಯ ಶೆಡ್ಡಿನಲ್ಲಿ. ಆತ ಮೊದಲು ಆಯಿಲ್ ಬಿಸಿಯ ಗೇಜು ಹಾಕಿ, ಕೂಲರನ್ನು ಪೂರ್ತಿ ಬಿಟ್ಟು, ಕಂಪನಿಯ ಡಬ್ಬಿಯನ್ನು ವಾಪಸ್ ಕೂರಿಸಿ, ‘ಒಂದು ತಿಂಗಳು ಓಡಿಸಿ ಬಾ, ಬರೆದುಕೊಂಡು ಬಾ’ ಎಂದು ಕಳಿಸಿದ. ತಮ್ಮನಿಗೆ ಅವಮಾನವಾಯಿತು. ಆದರೂ ಬರೆದ. ನಾಸಿಕ್ ಪೇಟೆಯಲ್ಲಿ 95, ಸಮೃದ್ಧಿಯಲ್ಲಿ 104, ಸಿನ್ನರ್ ಕಡೆ ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ 112. ಮೇಸ್ತ್ರಿ ಪುಸ್ತಕ ನೋಡಿ, ಕೂಲರ್ ಬೇಕಿಲ್ಲ, ಚೆನ್ನೈಗೆ ಹೋಗುವ ದಿನ ಬಾ, ಥರ್ಮೋಸ್ಟಾಟ್ ಪ್ಲೇಟಿನ ಜೊತೆ ಹಾಕಿಕೊಡುತ್ತೇನೆ ಎಂದ. ಸ್ಟೇರಿಂಗಿಗೆ ಹೊಸ ಪ್ರೆಶರ್ ಪೈಪು, ಕಂಪನಿಯದೇ. ರಿಟರ್ನಿನಲ್ಲಿ ಅಂಗೈಯಗಲದ ಕೂಲರು. ಕೆಂಪು ಎಣ್ಣೆ ಬಸಿದು ಆ ಕಾರಿಗೆ ಹೇಳಿದ ಹಸಿರು ಎಣ್ಣೆ. ಎಕ್ಸಾಸ್ಟಿಗೂ ಪೈಪಿಗೂ ನಡುವೆ ಒಂದು ತಗಡು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಅದೇ ತಮ್ಮನ ಬೇಸರ.

ಹೋದ ವಾರ ಅವನು ಹಳೇ ಗ್ಯಾರೇಜಿನ ಮುಂದೆ ಹಾದುಹೋದನಂತೆ. ಬಂಪರು ಬಿಚ್ಚಿದ ಒಂದು ಪೋಲೊ ನಿಂತಿತ್ತಂತೆ, ರೇಡಿಯೇಟರಿನ ಮುಂದೆ ಕಪ್ಪು ಕೂಲರು, ನೀಲಿ ಪೈಪು. ಆಯಿಲ್ಲಿನ ಗೇಜು ಹಾಕಿದ್ದೀರಾ ಎಂದು ಕೇಳಿದನಂತೆ.

ಎಲ್ಲ ಆದಮೇಲೆ ಹಾಕುತ್ತೇವೆ ಎಂದರಂತೆ.